ಧಾನ್ಯದ ಹಡಗಿಗೆ ಯಾರೂ ಹೊಡೆಯುವುದಿಲ್ಲ

ಇಲ್ಲಿ ನಾನು ಆ ಎರಡು ದೇಶಗಳ ಹೆಸರು ಹೇಳುವುದಿಲ್ಲ. ಹೇಳಿದರೆ ಓದುವವರು ಮೊದಲ ಸಾಲಿನಲ್ಲೇ ಒಂದು ಪಕ್ಷ ಹಿಡಿದುಬಿಡುತ್ತಾರೆ, ಆಮೇಲೆ ಉಳಿದದ್ದು ಅವರ ಕಿವಿಗೆ ಬೀಳುವುದಿಲ್ಲ. ನಾನೇ ಹಾಗಿದ್ದವನು. ದೊಡ್ಡ ದೇಶ, ಚಿಕ್ಕ ದೇಶ ಎಂದಷ್ಟೇ ಬರೆಯುತ್ತೇನೆ. ದೊಡ್ಡದು ಗಡಿ ದಾಟಿ ಚಿಕ್ಕದರೊಳಗೆ ಸೈನ್ಯ ನುಗ್ಗಿಸಿತು. ಅದು ಎಲ್ಲರಿಗೂ ಗೊತ್ತು. ಯಾಕೆ ನುಗ್ಗಿಸಿತು ಎಂಬಲ್ಲಿಂದ ಜಗಳ ಶುರು.

ಆಗ ನಾನು ಫೋರ್ಟಿನ ಒಂದು ಬ್ಯಾಂಕಿನಲ್ಲಿದ್ದೆ, ನಿವೃತ್ತಿಗೆ ಎರಡು ವರ್ಷ ಬಾಕಿ ಇತ್ತು. ಪಕ್ಕದ ಮೇಜಿನ ಗೆಳೆಯ ಧಾರವಾಡದ ಕಡೆಯವನು. ಯೂನಿಯನ್ನಿನಲ್ಲಿ ಮೂವತ್ತು ವರ್ಷ ಭಾಷಣ ಮಾಡಿ ಗಂಟಲು ಪಳಗಿಸಿಕೊಂಡಿದ್ದ. ಮಧ್ಯಾಹ್ನ ಇಬ್ಬರೂ ಹಿಂದಿನ ಗಲ್ಲಿಯ ಉಡುಪಿ ಹೋಟೆಲಿಗೆ ಹೋಗುತ್ತಿದ್ದೆವು. ಅಡಿಗೆಮನೆಯ ಕಿಂಡಿಯ ಪಕ್ಕದ ಮೇಜು ನಮ್ಮದು. ಕಿಂಡಿಯ ಆಚೆ ದೋಸೆ ಕಾವಲಿಯ ಮುಂದೆ ಭಟ್ರು ನಿಂತಿರುತ್ತಿದ್ದರು. ಹೋಟೆಲುಗಳಲ್ಲಿ ಅಡಿಗೆಯವರನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ, ಎಲ್ಲರಿಗೂ ಅವರು ಭಟ್ರೇ. ಭಟ್ರು ನನ್ನ ಊರಿನ ಕಡೆಯವರು, ಆ ಸಲುಗೆ ನನಗೂ ಅವರಿಗೂ ಇತ್ತು.

ಗಡಿ ದಾಟಿದವನೇ ಯುದ್ಧಕ್ಕೆ ಹೊಣೆ ಎಂಬುದು ನನ್ನ ವಾದ. ಗೆಳೆಯ ಒಪ್ಪುತ್ತಿರಲಿಲ್ಲ. ಪಶ್ಚಿಮದ ದೇಶಗಳೆಲ್ಲ ಸೇರಿ ದೊಡ್ಡ ದೇಶವನ್ನು ಮೂಲೆಗೆ ಒತ್ತಿದವು, ತಪ್ಪು ಅವುಗಳದ್ದು ಎನ್ನುತ್ತಿದ್ದ.

"ಮನೀ ಬಾಗಲಿಗೆ ಬಂದು ಕೋಲು ಹಿಡಕೊಂಡು ನಿಂತ್ರ ನಾಯಿ ಕಚ್ಚೂದಿಲ್ಲೇನು? ಕೋಲು ಹಿಡದವರು ಯಾರು, ಅದನ್ನ ಕೇಳು ಮೊದಲ."

"ಕಚ್ಚಿದ್ದು ಕೋಲು ಹಿಡಿದವನನ್ನು ಅಲ್ಲ ಮಾರಾಯ. ಪಕ್ಕದ ಮನೆಯವನನ್ನು."

ಹೀಗೆ ಒಂದು ವರ್ಷವೇ ಕಳೆಯಿತು. ನಾವು ಎದ್ದು ಕೈ ತೊಳೆಯುವಾಗ ಭಟ್ರು ಕಿಂಡಿಯಿಂದ ತಲೆ ಹಾಕಿ, "ಇವತ್ತು ಯಾರು ಗೆದ್ದದ್ದು?" ಎಂದು ಕೇಳುವರು. ಯುದ್ಧದಲ್ಲಿ ಯಾರು ಎಂದಲ್ಲ, ನಮ್ಮಿಬ್ಬರಲ್ಲಿ ಯಾರು ಎಂದು.

ಅವರ ಮಗನಿಗೆ ಹೋಟೆಲಿನ ಕೆಲಸ ಬೇಡವಾಗಿತ್ತು. ಹಡಗಿನ ಅಡಿಗೆಯ ತರಬೇತಿ ಪಡೆದು, ಸರಕು ಸಾಗಿಸುವ ಹಡಗೊಂದರಲ್ಲಿ ಅಡಿಗೆ ಸಹಾಯಕನಾಗಿ ಸೇರಿದ್ದ. ವಯಸ್ಸು ಇಪ್ಪತ್ತನಾಲ್ಕು. "ನನ್ನಿಂದ ತಪ್ಪಿಸಿಕೊಂಡು ಅಷ್ಟು ದೂರ ಹೋದವ ಅಲ್ಲಿಯೂ ಹಿಟ್ಟು ಕಲಸುವುದೇ" ಎಂದು ಭಟ್ರು ನಗುತ್ತಿದ್ದರು. ಹೆಂಡತಿ ತೀರಿಕೊಂಡು ಐದಾರು ವರ್ಷವಾಗಿತ್ತು. ಕಾಂದಿವಲಿಯ ಎರಡು ಕೋಣೆಯ ಮನೆಯಲ್ಲಿ ಅವರೂ ಮಗಳೂ ಇಬ್ಬರೇ. ಮಗಳು ತಮ್ಮನಿಗಿಂತ ಮೂರು ವರ್ಷ ದೊಡ್ಡವಳು, ಅಲ್ಲೇ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಆಫೀಸಿನಲ್ಲಿ ಕೆಲಸ.

ಒಂದು ದಿನ ಭಟ್ರು ಕಾವಲಿಯನ್ನು ಇನ್ನೊಬ್ಬರ ಕೈಗೆ ಕೊಟ್ಟು ನಮ್ಮ ಮೇಜಿಗೆ ಬಂದು ಕುಳಿತರು. ಹಾಗೆ ಕುಳಿತದ್ದು ಅದೇ ಮೊದಲು. ಮಗ ಫೋನ್ ಮಾಡಿದ್ದನಂತೆ. ಧಾನ್ಯ ತುಂಬಿಸಲು ಹಡಗು ಚಿಕ್ಕ ದೇಶದ ಬಂದರಿಗೆ ಹೋಗಲಿತ್ತು. ದಾರಿಯ ಬಂದರಿನಲ್ಲಿ ಕ್ಯಾಪ್ಟನ್ ಎಲ್ಲರನ್ನೂ ಕರೆದು, ಮನಸ್ಸಿಲ್ಲದವರು ಇಲ್ಲೇ ಇಳಿದು ಮನೆಗೆ ಹೋಗಬಹುದು ಎಂದಿದ್ದ. ಹುಡುಗ ಅಪ್ಪನನ್ನು ಕೇಳಿದ್ದ. ಅಪ್ಪ ಒಂದು ದಿನ ಸಮಯ ಕೇಳಿದ್ದರು.

"ನೀವು ದಿನಾ ಅದನ್ನೇ ಮಾತಾಡುವವರು," ಎಂದರು ಭಟ್ರು. "ಹೇಳಿ. ಇಳಿ ಅನ್ನಲಾ, ಹೋಗು ಅನ್ನಲಾ?"

ಗೆಳೆಯ ಬಿಲ್ಲಿನ ಹಿಂಬದಿಯಲ್ಲಿ ಸಮುದ್ರ ಬರೆದು, ಬಂದರು ಎಲ್ಲಿ, ಕಾಳಗ ಎಲ್ಲಿ ಎಂದು ತೋರಿಸಿದ. ನಾನು ಹೇಳಿದೆ: "ಧಾನ್ಯದ ಹಡಗಿಗೆ ಯಾರೂ ಹೊಡೆಯುವುದಿಲ್ಲ ಭಟ್ರೇ. ಎರಡೂ ಕಡೆಯವರಿಗೆ ಮರ್ಯಾದೆಯ ಪ್ರಶ್ನೆ ಅದು. ಅರ್ಧದಲ್ಲಿ ಇಳಿದರೆ ಮುಂದೆ ಅವನಿಗೆ ಹಡಗು ಸಿಗುವುದು ಕಷ್ಟ." ಗೆಳೆಯನೂ, "ಖರೇ ಅದ," ಎಂದ. ಆ ಯುದ್ಧದ ಬಗ್ಗೆ ನಾವಿಬ್ಬರೂ ಒಪ್ಪಿಕೊಂಡ ಮಾತು ಅದೊಂದೇ.

ಹನ್ನೆರಡು ದಿನ ಕಳೆದಿತ್ತು. ಬೆಳಿಗ್ಗೆ ಗೋರೆಗಾಂವಿನಲ್ಲಿ ಲೋಕಲ್ ಹತ್ತಿ ಇನ್ನೂ ಸರಿಯಾಗಿ ನಿಂತಿರಲಿಲ್ಲ, ಭಟ್ರ ಮಗಳ ಫೋನ್ ಬಂತು. ಗುಂಪಿನ ಗದ್ದಲದಲ್ಲಿ ತುಂಡು ತುಂಡಾಗಿ ಕೇಳಿಸಿತು.

"ಅಂಕಲ್, ಪಪ್ಪಾ ಫೋನ್ ತೆಗೀತಾ ಇಲ್ಲ. ನೀವು ಹೋಟೆಲಿಗೆ ಹೋಗಿ. ಅವರನ್ನ ಘರ್ ಕರ್ಕೊಂಡು ಬನ್ನಿ. ಶಿಪ್ ಮೇಲೆ ಮಿಸೈಲ್ ಬಿದ್ದಿದೆ. ಕಂಪನಿಯವರು ಕಾಲ್ ಮಾಡಿದ್ರು." ಆಮೇಲೆ ಹಿಂದಿಯಲ್ಲಿ ಒಂದು ಮಾತು ಹೇಳಿದಳು. ಅದು ಸ್ಪಷ್ಟವಾಗಿ ಕೇಳಿಸಿತು. ತಮ್ಮ ಉಳಿದಿರಲಿಲ್ಲ.

ನಾನು ಹೋಟೆಲು ತಲುಪಿದಾಗ ಬೆಳಗಿನ ಗಿರಾಕಿಗಳು ತುಂಬಿದ್ದರು. ಆ ಹೊತ್ತಿನಲ್ಲಿ ನಾನು ಎಂದೂ ಅಲ್ಲಿಗೆ ಹೋದವನಲ್ಲ. ಭಟ್ರು ಕಿಂಡಿಯಿಂದ ನನ್ನ ಮುಖ ನೋಡಿದರು. ಕಾವಲಿಯ ಮೇಲೆ ನಾಲ್ಕು ದೋಸೆ ಇದ್ದವು. ನಾಲ್ಕನ್ನೂ ಮಗುಚಿ, ಬೇಯಿಸಿ, ಮಡಚಿ, ತಟ್ಟೆಗಳಿಗೆ ಹಾಕಿದರು. ಆಮೇಲೆ ಗ್ಯಾಸ್ ಆರಿಸಿ, ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು.

"ಇದ್ದಾನಾ?" ಎಂದರು.

ನಾನು ತಲೆ ಅಲ್ಲಾಡಿಸಿದೆ. ಹೇಗೆ ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತುಗಳಲ್ಲಿ ಒಂದೂ ಬೇಕಾಗಲಿಲ್ಲ.

ಹಿಂದಿರುಗುವ ರೈಲು ಆ ಹೊತ್ತಿಗೆ ಖಾಲಿ. ಭಟ್ರು ಕಿಟಕಿಯ ಪಕ್ಕ ಕುಳಿತರು. ಅಂಧೇರಿ ದಾಟಿದ ಮೇಲೆ, "ಯಾವ ಹೊತ್ತಿಗೆ ಆದದ್ದಂತೆ?" ಎಂದರು. ನಿನ್ನೆ, ಅಲ್ಲಿಯ ಬೆಳಗಿನ ಜಾವ, ತಿಂಡಿಗೆ ಮೊದಲು ಎಂದು ಮಗಳು ಹೇಳಿದ್ದಳು ಎಂದೆ. "ಹಾಗಾದ್ರೆ ಎದ್ದಿದ್ದ," ಎಂದರು. "ಚಪಾತಿ ಹಿಟ್ಟು ಆ ಹೊತ್ತಿಗೇ ಕಲಸುವುದು."

ದೇಹ ಬರಲು ಮೂರು ವಾರ ಹಿಡಿಯಿತು. ಪೆಟ್ಟಿಗೆ ತೆರೆಯಬಾರದು ಎಂದಿದ್ದರು. ಕಾಂದಿವಲಿಯಲ್ಲೇ ಸಂಸ್ಕಾರವಾಯಿತು. ಗೆಳೆಯ ರಜೆ ಹಾಕಿ ಬಂದು, ಎಲ್ಲ ಮುಗಿಯುವವರೆಗೆ ಒಂದು ಕಡೆ ನಿಂತಿದ್ದ. ಆ ದಿನಗಳಲ್ಲಿ ನಾವು ಹೋಟೆಲಿಗೆ ಹೋಗುವುದನ್ನು ಬಿಟ್ಟೆವು. ಡಬ್ಬಿ ತಂದು ಬ್ಯಾಂಕಿನಲ್ಲೇ ಉಣ್ಣುತ್ತಿದ್ದೆವು, ಪೇಪರು ಬಂದರೆ ಯುದ್ಧದ ಪುಟ ಇಬ್ಬರೂ ಬಿಡಿಸುತ್ತಿರಲಿಲ್ಲ.

ಎರಡು ತಿಂಗಳ ಮೇಲೆ ಮಗಳು ಮತ್ತೆ ಕರೆದಳು. ಹಡಗಿನ ಕಂಪನಿ ಎರಡು ಪತ್ರ ಕಳಿಸಿತ್ತು. ಒಂದೊಂದು ದೇಶ ಕೊಟ್ಟ ಹೇಳಿಕೆಯ ಇಂಗ್ಲಿಷ್ ಪ್ರತಿ. ಅವಳು ಓದಿ ಹಿಂದಿಯಲ್ಲಿ ಹೇಳಿದ್ದಳು, ಅಪ್ಪನಿಗೆ ಸಮಾಧಾನವಾಗಿರಲಿಲ್ಲ. "ಕನ್ನಡದಲ್ಲಿ ಪೂರಾ ಬೇಕಂತೆ. ನನಗೆ ಅಷ್ಟು ಬರಲ್ಲ ಅಂಕಲ್," ಎಂದಳು. ಭಾನುವಾರ ಬೆಳಿಗ್ಗೆ ನಾನೂ ಗೆಳೆಯನೂ ಹೋದೆವು.

ಭಟ್ರು ಚಾಪೆಯ ಮೇಲೆ ಕುಳಿತಿದ್ದರು. ನಾನು ಸಾಲು ಸಾಲಾಗಿ ಕನ್ನಡಕ್ಕೆ ತಿರುಗಿಸಿ ಓದಿದೆ. ಅಮಾಯಕ ನಾವಿಕನ ಸಾವಿಗೆ ನಾವು ತೀವ್ರ ದುಃಖ ವ್ಯಕ್ತಪಡಿಸುತ್ತೇವೆ, ಇದಕ್ಕೆ ಸಂಪೂರ್ಣ ಹೊಣೆ ಎದುರು ಪಕ್ಷದ್ದು ಎಂದಿತ್ತು ದೊಡ್ಡ ದೇಶದ ಪತ್ರ. ಚಿಕ್ಕ ದೇಶದ ಪತ್ರ ಇನ್ನೂ ಸ್ವಲ್ಪ ಉದ್ದವಾಗಿತ್ತು, ತಿರುಳು ಅದೇ. ದುಃಖ ಎಂಬ ಪದವನ್ನು ಎರಡು ಸಲ ಬೇರೆ ಬೇರೆಯಾಗಿ ಹೇಳಲು ನೋಡಿದೆ, ಆಗಲಿಲ್ಲ.

ಓದಿ ಮುಗಿಸಿದ ಮೇಲೆ ಭಟ್ರು ಹೇಳಿದರು: "ಅವರದ್ದಲ್ಲ, ಇವರದ್ದಲ್ಲ. ಹಾಗಾದ್ರೆ ನನ್ನದೇ. ಇಳಿ ಅಂತ ಒಂದು ಮಾತು ಹೇಳಿದ್ರೆ ಇಳೀತಿದ್ದ. ಅವನಿಗೆ ಇಳಿಯುವ ಮನಸ್ಸಿತ್ತು. ಇಲ್ಲದಿದ್ರೆ ಫೋನ್ ಮಾಡಿ ಕೇಳ್ತಿದ್ನಾ?"

ಎರಡು ತಿಂಗಳಿಂದ ಎದೆಯಲ್ಲಿ ಇಟ್ಟುಕೊಂಡದ್ದು ಹೊರಗೆ ಬಂತು. "ಹೋಗಲಿ ಅಂತ ಹೇಳಿದ್ದು ನಾನು ಭಟ್ರೇ. ಅದು ನಿಮ್ಮ ತಲೆಯ ಮೇಲೆ ಬೇಡ," ಎಂದೆ.

"ನಾನೂ ಹೂಂ ಅಂದೀನ್ರೀ," ಎಂದ ಗೆಳೆಯ. ಮೈಕಿಲ್ಲದೆ ಮೈದಾನ ತುಂಬುತ್ತಿದ್ದ ಅವನ ದನಿ ಆ ಸಣ್ಣ ಕೋಣೆಯಲ್ಲೇ ಸರಿಯಾಗಿ ಕೇಳಿಸಲಿಲ್ಲ.

ಅಡಿಗೆಕೋಣೆಯ ಬಾಗಿಲಲ್ಲಿ ನಿಂತಿದ್ದ ಮಗಳು ಒಳಗೆ ಬಂದಳು. ಅವಳು ಅಳುತ್ತಾಳೆ ಎಂದುಕೊಂಡಿದ್ದೆ. ಅವಳಿಗೆ ಸಿಟ್ಟು ಬಂದಿತ್ತು.

"ಬಸ್ ಮಾಡಿ ಅಂಕಲ್, ಸಾಕು. ಪಪ್ಪಾ ನನ್ನ ತಪ್ಪು ಅಂತಾರೆ, ನೀವು ನನ್ನ ತಪ್ಪು ಅಂತೀರ, ಅವರೂ ಅದೇ. ಮಿಸೈಲ್ ಬಿಟ್ಟವರು ಪೇಪರ್ ಮೇಲೆ ಸಹಿ ಮಾಡಿ ನಾವಲ್ಲ ಅಂದಿದ್ದಾರೆ. ಇಲ್ಲಿ ಕೂತು ನೀವು ಮೂರು ಜನ ಹೌದು ಹೌದು ಅಂತಿದ್ದೀರ. ಅವರಿಗೆ ಇನ್ನೇನು ಬೇಕು?" ಪದ ಹುಡುಕಿ ಹೇಳಿದಳು: "ಎಲ್ಲರ ತಪ್ಪು ಅಂದ್ರೆ ಯಾರ ತಪ್ಪೂ ಅಲ್ಲ ಅಂತ ಆಗುತ್ತೆ. ಅದು ನನಗೆ ಮಂಜೂರ್ ಇಲ್ಲ."

ಗೆಳೆಯನೇ ಮೊದಲು, "ಒಂದು ಹಾಳಿ ಕೊಡವಾ," ಎಂದ.

ಹಡಗಿನ ಕಂಪನಿಗೆ, ದಿಲ್ಲಿಯ ಕಚೇರಿಗಳಿಗೆ, ಎರಡೂ ರಾಯಭಾರ ಕಚೇರಿಗಳಿಗೆ ಅಂದು ಒಂದೇ ಪತ್ರ ಬರೆದೆವು. ಬರೆಯುವಾಗಲೂ ನಾವು ಹಳೆಯ ಚಾಳಿ ಬಿಡಲಿಲ್ಲ. ಆಕ್ರಮಣ ಎಂಬ ಪದ ಇರಲೇಬೇಕು ಎಂದೆ ನಾನು. ಯುದ್ಧಕ್ಕೆ ಪ್ರಚೋದನೆ ಕೊಟ್ಟವರು ಎಂದು ಸೇರಿಸಬೇಕು ಎಂದ ಅವನು. ಹುಡುಗಿ ಪೆನ್ನು ತೆಗೆದುಕೊಂಡು ಎರಡನ್ನೂ ಹೊಡೆದು ಹಾಕಿದಳು. ಉಳಿದದ್ದು ಒಂದು ಪ್ರಶ್ನೆ: ನನ್ನ ತಮ್ಮ ಇದ್ದ ಹಡಗಿಗೆ ಬಡಿದ ಕ್ಷಿಪಣಿಯನ್ನು ಬಿಟ್ಟವರು ಯಾರು?

ಕಚೇರಿಗಳಿಂದ ಬಂದ ಉತ್ತರಗಳಲ್ಲಿ ಏನೂ ಇರಲಿಲ್ಲ. ಅವಳು ಬಿಡದೆ ಬರೆಯುತ್ತ ಹೋದಳು. ಸುಮಾರು ಒಂದು ವರ್ಷದ ಮೇಲೆ ಹಡಗಿನ ಕಂಪನಿ ತಾನೇ ಮಾಡಿಸಿದ ತನಿಖೆಯ ವರದಿ ಕಳಿಸಿತು. ಹಡಗಿನ ಡೆಕ್ಕಿನ ಮೇಲೆ ಸಿಕ್ಕ ಚೂರುಗಳು ಚಿಕ್ಕ ದೇಶದ ರಕ್ಷಣಾ ಕ್ಷಿಪಣಿಯವು. ದೊಡ್ಡ ದೇಶ ಬಂದರಿನ ಮೇಲೆ ಕಳಿಸಿದ್ದ ಡ್ರೋನನ್ನು ಹೊಡೆಯಲು ಬಿಟ್ಟದ್ದು ಗುರಿ ತಪ್ಪಿ ಹಡಗಿನ ಮೇಲೆ ಬಿದ್ದಿರುವ ಸಾಧ್ಯತೆ ಹೆಚ್ಚು ಎಂದಿತ್ತು.

ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಅದನ್ನು ಓದಿದಾಗ ನನಗೆ ಮೊದಲು ಅನಿಸಿದ್ದು ದುಃಖವಲ್ಲ. ಸೋತೆ ಎಂದು ಅನಿಸಿತು. ಅಷ್ಟು ದಿನವೂ ಒಳಗೊಳಗೇ ನಾನು ದೊಡ್ಡ ದೇಶದ್ದೇ ಕ್ಷಿಪಣಿ ಎಂಬ ಉತ್ತರಕ್ಕೆ ಕಾದಿದ್ದೆ. ಸತ್ತ ಹುಡುಗ ನನ್ನ ವಾದಕ್ಕೆ ಸಾಕ್ಷಿ ಹೇಳಬೇಕೆಂದು ಬಯಸಿದ್ದೆ. ಈಗ ಗೆಳೆಯ ಏನನ್ನುತ್ತಾನೋ ಎಂದು ಅಳುಕುತ್ತಲೇ ವರದಿಯನ್ನು ಅವನ ಕೈಗೆ ಕೊಟ್ಟೆ. ಅವನು ಎರಡು ಸಲ ಓದಿ, ಮಡಚಿ ಹಿಂದಕ್ಕೆ ಕೊಟ್ಟ.

"ಆ ಡ್ರೋನ್ ಬರದಿದ್ರ ಇದನ್ನ ಯಾಕ ಬಿಡ್ತಿದ್ರು," ಎಂದ. ಅದು ನನ್ನ ವಾದ. ನನಗೆ ಆಸರೆಯಾಗಲೆಂದು ಹೇಳಿದನೋ, ನಿಜವಾಗಿಯೂ ಹಾಗೆ ಅನಿಸಿತೋ, ನಾನು ಕೇಳಲಿಲ್ಲ.

ಭಟ್ರು ಅಷ್ಟು ಹೊತ್ತಿಗೆ ಕೆಲಸಕ್ಕೆ ಮರಳಿದ್ದರು, ಫೋರ್ಟಿಗಲ್ಲ, ಮನೆಯ ಹತ್ತಿರದ ಒಂದು ಸಣ್ಣ ಹೋಟೆಲಿಗೆ. ವರದಿಯನ್ನು ಅವರಿಗೂ ಕನ್ನಡದಲ್ಲಿ ಓದಿ ಹೇಳಿದೆ. "ಹಾಗಾದ್ರೆ ಅವನನ್ನು ನೋಡಿ ಹೊಡೆದದ್ದಲ್ಲ," ಎಂದರು. "ನಮ್ಮ ಹುಡುಗನ ಮೇಲೆ ಯಾರಿಗೂ ದ್ವೇಷ ಇರ್ಲಿಲ್ಲ. ನನಗೆ ಇಷ್ಟು ಸಾಕು. ಇನ್ನು ಬರೀಬೇಡ ಮಗಾ."

"ನೋಡದೇ ಹೊಡೆದ್ರೆ ತಪ್ಪಲ್ವಾ ಪಪ್ಪಾ?" ಎಂದಳು ಮಗಳು. "ಬಂದರಿಗೆ ಡ್ರೋನ್ ಕಳಿಸಿದವರದ್ದು ತಪ್ಪಲ್ವಾ? ಇಬ್ಬರೂ ಸುಳ್ಳು ಬರೆದ್ರು. ಅದನ್ನಾದ್ರೂ ಒಪ್ಪಿಕೊಳ್ಳಲಿ."

ಆ ವಿಷಯದಲ್ಲಿ ಅಪ್ಪ ಮಗಳು ಇವತ್ತಿಗೂ ಒಂದಾಗಿಲ್ಲ. ಒಂದೇ ಮನೆಯಲ್ಲಿ ಇದ್ದಾರೆ, ಒಟ್ಟಿಗೆ ಉಣ್ಣುತ್ತಾರೆ. ಅವಳು ಎರಡೂ ದೇಶಗಳಿಗೆ ವರದಿಯ ಪ್ರತಿ ಲಗತ್ತಿಸಿ ಹೊಸ ಪತ್ರ ಬರೆದಿದ್ದಾಳೆ. ಭಟ್ರು ಅದಕ್ಕೆ ಸಹಿ ಹಾಕುವುದಿಲ್ಲ ಎಂದರು, ಅವಳು ಒಬ್ಬಳೇ ಹಾಕುತ್ತೇನೆ ಎಂದಳು. ನಾನೂ ಗೆಳೆಯನೂ ಕೆಳಗೆ ಸಹಿ ಮಾಡಿದೆವು, ಈ ಸಲ ಒಂದು ಪದವನ್ನೂ ತಿದ್ದಲು ಹೋಗದೆ.

ಲಕೋಟೆ ಅಂಟಿಸುವ ಮುಂಚೆ ಭಟ್ರು ಪತ್ರವನ್ನು ಓದಿ ಹೇಳಲು ಕೇಳಿದರು. ಓದಿದೆ. ಮೃತ ನಾವಿಕ ಎಂಬಲ್ಲಿ ಕೈ ಎತ್ತಿ ತಡೆದರು.

"ಅವ ನಾವಿಕ ಅಲ್ಲ. ಅಡಿಗೆಯವ. ಹಾಗೇ ಬರೀರಿ," ಎಂದರು.

ಮಗಳು ಆ ಪುಟವನ್ನು ಮತ್ತೆ ಟೈಪ್ ಮಾಡಿದಳು.