ಚಿಕ್ಕತಾಯಮ್ಮನ ಟಗರು

೧೯೪೩ರ ಬೇಸಿಗೆ. ನಾನಾಗ ಮಂಡ್ಯದಲ್ಲಿ ಪಶುವೈದ್ಯ. ಇಲಾಖೆಯ ಕೆಲಸದ ಜೊತೆಗೆ ಡಾಕ್ಟರೇಟಿಗೆಂದು ಒಂದು ಸಂಶೋಧನೆಯನ್ನೂ ಮೈಮೇಲೆ ಎಳೆದುಕೊಂಡಿದ್ದೆ. ಬಿರುಬಿಸಿಲಿನ ತಿಂಗಳುಗಳಲ್ಲಿ ಕುರಿಗಳು ಗಬ್ಬವಾಗುವುದು ಏಕೆ ಕಡಿಮೆಯಾಗುತ್ತದೆ, ಅದನ್ನು ಹೆಚ್ಚಿಸುವುದು ಹೇಗೆ ಎಂಬುದು ವಿಷಯ. ವಯಸ್ಸು ಇಪ್ಪತ್ತೆಂಟು, ಕೈಯಲ್ಲೊಂದು ಮೈಕ್ರೋಸ್ಕೋಪು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ, ಹಾಗಿತ್ತು ನನ್ನ ಗತ್ತು.

ಏಪ್ರಿಲ್‌ನಲ್ಲಿ ಮಳವಳ್ಳಿ ತಾಲ್ಲೂಕಿನ ಹಲಗೂರಿಗೆ ಹೋದೆ. ಅಲ್ಲಿ ಚಿಕ್ಕತಾಯಮ್ಮ ಎಂಬ ವಿಧವೆಯ ಹಟ್ಟಿಯಲ್ಲಿ ಇಪ್ಪತ್ತೆರಡು ಕುರಿಗಳು, ಎಲ್ಲಕ್ಕೂ ಒಂದೇ ಟಗರು. ಗಿಡ್ಡ ಕಾಲು, ಅಗಲ ಎದೆ, ನೋಡಿದರೆ ಕಣ್ಣು ತುಂಬುವಂಥ ಪ್ರಾಣಿ. ಸತ್ತುಹೋದ ಹಳೆಯ ಟಗರಿನ ತಳಿಯಲ್ಲಿ ಉಳಿದಿದ್ದ ಗಂಡು ಅದೊಂದೇ; ಅದಕ್ಕಿನ್ನೂ ಮರಿ ಹುಟ್ಟಿರಲಿಲ್ಲ. ಮಗಳು ಸಣ್ಣಮ್ಮನ ಮದುವೆ ಮುಂದಿನ ವರ್ಷಕ್ಕೆ ಗೊತ್ತಾಗಿತ್ತು. ಗಂಡನ ಮನೆಗೆ ಹೋಗುವ ಹೆಣ್ಣಿಗೆ ತವರಿನ ಹಟ್ಟಿಯಿಂದ ಬಳುವಳಿ ಕೊಡಬೇಕಲ್ಲ, ಈ ಟಗರಿನ ಮರಿಗಳನ್ನೇ ಕೊಡಬೇಕೆಂದು ತಾಯಿಯ ಆಸೆ.

ವೀರ್ಯ ಸಂಗ್ರಹಿಸಿ ಸ್ಲೈಡಿಗೆ ಹಾಕಿ ನೋಡಿದೆ. ಒಳ್ಳೆಯ ವೀರ್ಯಾಣುಗಳಾದರೆ ಗುಂಪುಗುಂಪಾಗಿ ಸುಳಿಯಬೇಕು. ಇಲ್ಲಿ ಬಹುಪಾಲು ಅಲುಗಾಡದೆ ಬಿದ್ದಿದ್ದವು. ಮರುದಿನವೂ ಅಷ್ಟೇ. ಈ ಟಗರಿನಿಂದ ಮರಿ ಆಗುವುದಿಲ್ಲ, ಬೀಜ ಒಡೆಸಿ ಕೊಬ್ಬಿಸಿ, ಬೇರೆ ಟಗರು ತನ್ನಿ ಎಂದೆ.

"ವಸಿ ತಡೀರಿ ಸ್ವಾಮಿ" ಎಂದರು ಚಿಕ್ಕತಾಯಮ್ಮ. "ಬಿಸ್ಲಿಗೆ ಅದ್ರ ಮೈಯೇ ಬೆಂದೋಗದೆ. ಮಳೆ ಉಯ್ದು ನೆಲ ತಣ್ಗಾಗ್ಲಿ, ಸರಿಯಾಯ್ತದೆ."

"ನಾನು ಕಣ್ಣಾರೆ ಕಂಡಿದ್ದನ್ನ ಹೇಳ್ತಿದೀನಮ್ಮ, ಕಂತೆಪುರಾಣ ಅಲ್ಲ" ಎಂದು ರೇಗಿದೆ.

ಆಕೆ ಟಗರಿನ ಕತ್ತು ಸವರಿದರು. "ಓದ್ದೋರು ಯೋಳ್ತೀರಿ. ಆಗ್ಲಿ" ಎಂದರು. ನನ್ನ ಕೈಯಾರೆ ಬೀಜ ಒಡೆಯುವ ಇಕ್ಕಳ ಹಾಕಿದೆ. ಟಗರು ನರಳಿತು. ಸಣ್ಣಮ್ಮ ನೋಡಲಾರದೆ ಒಳಗೆ ಹೋದಳು.

ಅದೇ ವಾರ ಮದ್ದೂರು ತಾಲ್ಲೂಕಿನ ಬೆಸಗರಹಳ್ಳಿಯಲ್ಲಿ ಕರೀಗೌಡ ಎಂಬುವರ ಟಗರನ್ನು ಪರೀಕ್ಷಿಸಿದೆ. ಅದರ ಸ್ಲೈಡೂ ಹಾಗೆಯೇ ಇತ್ತು; ಬೀಜ ಒಡೆಸಿ ಎಂದು ಅವರಿಗೂ ಹೇಳಿದೆ. ಆದರೆ ಗೌಡರು ಜಗ್ಗುವ ಆಸಾಮಿಯಲ್ಲ.

"ನನ್ ಟಗ್ರು ತಂಟೆಗೆ ಬರ್ಬ್ಯಾಡಿ. ಅಂಗೂ ಬೇಕಾದ್ರೆ ನಿಮ್ ದುರ್ಬೀನಿಗೇ ಬೀಜ ಒಡ್ದುಬುಡಿ!"

ಸುತ್ತ ನಿಂತಿದ್ದವರೆಲ್ಲ ಗೊಳ್ಳೆಂದು ನಕ್ಕರು. ನಾನು ಉರಿದುಹೋದೆ.

ಗೌಡರ ಮುಖಭಂಗ ಮಾಡಬೇಕೆಂದೇ ಜುಲೈ ಕೊನೆಯಲ್ಲಿ ಮತ್ತೆ ಹೋದೆ. ಮಳೆ ಬಿದ್ದು ನೆಲ ತಂಪಾಗಿ ಎರಡು ತಿಂಗಳಾಗಿತ್ತು. ಸ್ಲೈಡು ನೋಡಿದವನೇ ಬೆವರಿದೆ. ಅಯ್ಯೋ, ಒಂದೊಂದು ವೀರ್ಯಾಣುವೂ ಮೀನಿನ ಮರಿಯಂತೆ ಓಡುತ್ತಿತ್ತು! ಟಗರಿನಲ್ಲಿ ವೀರ್ಯ ಹೊಸದಾಗಿ ತಯಾರಾಗಲು ಸುಮಾರು ಏಳು ವಾರ ಬೇಕು. ಬಿಸಿಲಿಗೆ ಕೆಟ್ಟದ್ದು ಹೋಗಿ, ತಂಪಿನಲ್ಲಿ ಒಳ್ಳೆಯದು ಬಂದಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಮರುದಿನವೇ ಹಲಗೂರಿಗೆ ಹೋದೆ. ಹಟ್ಟಿಗೆ ಬೇರೆ ಊರಿನ ಟಗರು ಬಂದಿತ್ತು. ನಾನು ಕೆಡಿಸಿದ ಟಗರು ಮೂಲೆಯಲ್ಲಿ ಮೈತುಂಬಿಕೊಂಡು ಮೆಲುಕು ಹಾಕುತ್ತ ಮಲಗಿತ್ತು. ಆ ತಳಿ ಅಲ್ಲಿಗೆ ಮುಗಿದಿತ್ತು. "ತಪ್ಪು ನನ್ನದು ತಾಯಿ" ಎಂದು ನಡೆದದ್ದನ್ನೆಲ್ಲ ಹೇಳಿದೆ. ಕರೀಗೌಡರ ಹಾಗೆ ಆಕೆಯೂ ಮುಖಕ್ಕೆ ಉಗಿದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಆಕೆ ಬಯ್ಯಲಿಲ್ಲ.

"ನಿಮ್ದೇನಿಲ್ಲ ಬುಡಿ ಸ್ವಾಮಿ. ನಂಗೆ ಗೊತ್ತಿತ್ತು. ಗೊತ್ತಿದ್ದೂ ಬಾಯ್ ಮುಚ್ಕೊಂಡೆ. ನನ್ ಮಗ್ಳು ಬಳುವಳೀನ ನಾನೇ ಕಳುದ್ಬುಟ್ಟೆ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು.

ನನಗೂ ಅಳು ಬಂತು. ಮಂಡ್ಯಕ್ಕೆ ಹೇಗೆ ಬಂದೆನೋ ನೆನಪಿಲ್ಲ.

ಬೇಸಿಗೆಯಲ್ಲಿ ಸೋತ ಟಗರು ತಂಪಿನಲ್ಲಿ ಚೇತರಿಸಿಕೊಳ್ಳುತ್ತದೆ ಎಂಬ ಭಾಗವನ್ನೇ ಪ್ರಬಂಧ ನೋಡಿದವರು ಮೆಚ್ಚಿದರು. ನಾನು ತಲೆ ತಗ್ಗಿಸಿ ಕೂತಿದ್ದೆ. ಆಮೇಲೆ ಮೂವತ್ತು ವರ್ಷ ಸೇವೆ ಮಾಡಿದೆ. ಜಗಳಕ್ಕೆ ನಿಂತವರ ಬಗ್ಗೆ ನನಗೆ ಚಿಂತೆಯಿರಲಿಲ್ಲ, ತಮ್ಮ ಪ್ರಾಣಿಯನ್ನು ಅವರೇ ಕಾಪಾಡಿಕೊಳ್ಳುತ್ತಿದ್ದರು. ಮರುಮಾತಿಲ್ಲದೆ ಒಪ್ಪಿಕೊಂಡವರನ್ನು ಕಂಡರೆ ಮಾತ್ರ ಎದೆ ಧಸಕ್ಕೆನ್ನುತ್ತಿತ್ತು. ಇಕ್ಕಳ ಕೆಳಗಿಟ್ಟು, ಅವರ ಪಕ್ಕದಲ್ಲಿ ಕೂತು, "ನಿಮಗೇನನ್ನಿಸುತ್ತೆ, ಹೇಳಿ" ಎಂದು ಕೇಳುತ್ತಿದ್ದೆ.