ಪೆನ್ನಿನಲ್ಲಿ ಬರೆದ ಅಂಕಗಳು

ಎರಡು ವರ್ಷದ ಹಿಂದಿನ ಮಾತು. ಗಣಿತ ಮೇಷ್ಟ್ರ ಕೆಲಸದಿಂದ ನಿವೃತ್ತನಾಗಿ ರಾಯಚೂರಿನ ಮನೆಯಲ್ಲಿ ಪೇಪರ್ ಓದುತ್ತಾ, ಹೆಂಡತಿಯಿಂದ ಬೈಸಿಕೊಳ್ಳುತ್ತಾ ಇದ್ದೆ. ಶಾಲೆಗಳು ಶುರುವಾಗುವ ಮುಂಚೆ ಮಾನ್ವಿಯ ಒಂದು ಖಾಸಗಿ ಶಾಲೆಯವರು ಗಣಿತ ಶಿಕ್ಷಕರ ಸಂದರ್ಶನಕ್ಕೆ ವಿಷಯ ತಜ್ಞರಾಗಿ ಬನ್ನಿ ಎಂದರು. ಇದ್ದದ್ದು ಒಂದೇ ಹುದ್ದೆ. ನನ್ನ ಮಗಳು ಅದೇ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಾಳೆ, ಇಲ್ಲ ಎನ್ನಲಾಗಲಿಲ್ಲ. ತಜ್ಞ ಅನ್ನಿಸಿಕೊಳ್ಳುವ ಆಸೆಯೂ ಇತ್ತು, ಸುಳ್ಳೇಕೆ.

ಬೆಳಿಗ್ಗೆ ಹೋದಾಗ ಶಾಲೆಯ ವರಾಂಡದಲ್ಲಿ ಆರೇಳು ಜನ ಫೈಲು ಹಿಡಿದು ಕೂತಿದ್ದರು. ಅವರಲ್ಲಿ ಒಬ್ಬ ಹೆಣ್ಣುಮಗಳು ಎದ್ದು ಬಂದಳು. ಹೆಸರು ಹುಲಿಗೆಮ್ಮ, ದೇವದುರ್ಗ ತಾಲೂಕಿನ ಮಸರಕಲ್‌ನವಳು.

“ಸರ್, ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಮೊದ್ಲ ಯಾರನ್ನರ ಗೊತ್ತು ಮಾಡಿದ್ರ ಹೇಳಿಬಿಡ್ರಿ, ಈಗಿನ ಬಸ್ಸಿಗೇ ಹೊಳ್ಳಿ ಹೋಗ್ತೀನಿ. ಇದ ಕಡೀ ಸಂದರ್ಶನ ಅಂದಾರ ಮನ್ಯಾಗ. ಇದೂ ಆಗಲಿಲ್ಲಂದ್ರ ಸುಮ್ನ ಹೊಲದ ಕೆಲಸ ನೋಡು ಅಂತಾರ.”

ನನಗೆ ಸಿಟ್ಟೇ ಬಂತು. “ಹಂಗೇನಿಲ್ಲವಾ. ಅಂಕ ಹಾಕಾಂವ ನಾನ ಅದೀನಿ. ಚೆಂದಗ ಪಾಠ ಮಾಡು,” ಎಂದೆ. ಆಕೆ ಹೋಗಿ ಕೂತಳು.

ಎಲ್ಲರಿಗೂ ಒಂದೇ ಪ್ರಶ್ನೆ ಕೊಟ್ಟೆ: ಭಿನ್ನರಾಶಿಯ ಭಾಗಾಕಾರ ಮಕ್ಕಳಿಗೆ ಹೇಗೆ ಕಲಿಸುತ್ತೀರಿ? ಉಳಿದವರೆಲ್ಲ ‘ತಿರುಗಿಸಿ ಗುಣಿಸಬೇಕು’ ಎಂದರು. ಮೂವತ್ತು ವರ್ಷ ನಾನು ಹೇಳಿಕೊಟ್ಟದ್ದೂ ಅದನ್ನೇ. ಹುಲಿಗೆಮ್ಮ ಬೋರ್ಡಿನ ಮೇಲೆ ಅರ್ಧ ರೊಟ್ಟಿ ಬರೆದಳು. “ಈ ಅರ್ಧ ರೊಟ್ಟ್ಯಾಗ ಕಾಲು ರೊಟ್ಟಿ ಎಷ್ಟು ಅದಾವ ಹೇಳ್ರಿ? ಎರಡು. ಅರ್ಧಾನ ಕಾಲಿನಿಂದ ಭಾಗಿಸಿದ್ರ ಎರಡು ಬರೋದು ಅದಕ್ಕ,” ಎಂದಳು. ಭಾಗಿಸಿದರೆ ಉತ್ತರ ದೊಡ್ಡದಾಗುವುದು ಹೇಗೆ ಎಂದು ಎಷ್ಟೋ ಮಕ್ಕಳು ಕೇಳಿ ನನ್ನಿಂದ ಬೈಸಿಕೊಂಡಿದ್ದರು. ಆಕೆಗೆ ಎಲ್ಲರಿಗಿಂತ ಹೆಚ್ಚು ಅಂಕ ಹಾಕಿದೆ.

ಹಾಳೆ ತೆಗೆದುಕೊಳ್ಳಲು ಬಂದ ಗುಮಾಸ್ತ ಹೌಹಾರಿದ. “ಅಯ್ಯ ಸರ್, ಪೆನ್ನಿಲೆ ಬರದೀರಲ್ರೀ!”

“ಮತ್ತ ಯಾತರಲೆ ಬರೀಬೇಕಿತ್ತು?”

“ಪೆನ್ಸಿಲ್ ಇಟ್ಟಿದ್ನಲ್ರೀ ಮುಂದ. ಸಾಹೇಬ್ರು ನೋಡಿದ ಮ್ಯಾಲ ಪೆನ್ನಿಲೆ ತಿದ್ದೋದು. ಎಲ್ಲಾ ಕಡಿ ಹಂಗ ಅದ.”

ಆ ಪೆನ್ಸಿಲ್ ಯಾಕಿದೆ ಎಂದು ಯೋಚಿಸಿರಲೇ ಇಲ್ಲ. ಜೀವಮಾನವಿಡೀ ಪೆನ್ನು ಹಿಡಿದವನು, ಅಭ್ಯಾಸ ಬಲದಿಂದ ಜೇಬಿಗೆ ಕೈ ಹಾಕಿದ್ದೆ.

ಶಾಲೆಯ ಆಡಳಿತ ಮಂಡಳಿಯ ಅಧ್ಯಕ್ಷರು ಬಂದರು. ಕೂಗಾಡಲಿಲ್ಲ, ನಗುತ್ತಲೇ ಹೊಸ ಹಾಳೆ ಮುಂದಿಟ್ಟರು. ಸಂದರ್ಶನಕ್ಕೆ ಬಂದಿದ್ದ ಪೋತ್ನಾಳದ ಯುವಕನೊಬ್ಬ ಅವರ ಬೀಗರ ಕಡೆಯವನಂತೆ, ಮೊದಲೇ ಮಾತು ಕೊಟ್ಟಾಗಿತ್ತಂತೆ. ಮದುವೆ ಮುಗಿಸಿ ಹೆಣ್ಣು ನೋಡುವ ಶಾಸ್ತ್ರಕ್ಕೆ ಕರೆದ ಹಾಗೆ ನನ್ನನ್ನು ಕರೆದಿದ್ದರು. “ಆ ಹೆಣ್ಣುಮಗಳು ಭಾಳ ಚೆಂದ ಕಲಸ್ತಾಳ್ರೀ,” ಎಂದೆ. ನನ್ನ ದನಿ ನನಗೇ ಸಣ್ಣದಾಗಿ ಕೇಳಿತು.

“ಇರಬಹುದ್ರೀ ಸರ್. ನಿಮ್ಮ ಮಗಳೂ ನಮ್ಮಲ್ಲೇ ಅದಾಳಲ್ಲ? ಆಕಿಗೇನರ ತ್ರಾಸ ಕೊಟ್ಟೀವೇನ್ರಿ ನಾವು?”

ಅಷ್ಟೇ. ನಾನು ಹೊಸ ಹಾಳೆಯಲ್ಲಿ ಅವರು ಹೇಳಿದಂತೆ ಬರೆದು ಸಹಿ ಮಾಡಿದೆ. ಶಾಲು ಹೊದಿಸಿದರು, ಹೊದ್ದುಕೊಂಡೆ. ಗುಮಾಸ್ತ ವರಾಂಡದಲ್ಲಿ ಪೋತ್ನಾಳದವನ ಹೆಸರು ಓದುವುದು ಒಳಗೇ ಕೇಳಿಸಿತು.

ಹಿಂದಿನ ಬಾಗಿಲಿನಿಂದ ಬಸ್‌ಸ್ಟ್ಯಾಂಡಿಗೆ ಬಂದರೆ ಹುಲಿಗೆಮ್ಮ ಅಲ್ಲೇ ನಿಂತಿದ್ದಳು. ಮುಖ ತಿರುಗಿಸಬೇಕೆನ್ನುವಷ್ಟರಲ್ಲಿ ಹತ್ತಿರ ಬಂದಳು.

“ಸರ್, ನಾ ಎಲ್ಲಿ ತಪ್ಪಿದೆ ಅಂತ ಹೇಳ್ತೀರೇನ್ರಿ?”

“ಎಲ್ಲೂ ತಪ್ಪಿಲ್ಲವಾ. ನಿನ್ನ ಪಾಠನ ಚಲೋ ಇತ್ತು.”

ಆಕೆ ಫೈಲನ್ನು ಬಗಲಿಗೆ ಸೇರಿಸಿಕೊಂಡಳು. “ಹಂಗಾದ್ರ ನಾ ಇನ್ನೂ ಏನು ಓದಬೇಕಿತ್ರಿ ಸರ್?”

ವ್ಯಂಗ್ಯವಿರಲಿಲ್ಲ, ನಿಜವಾಗಿಯೂ ಕೇಳುತ್ತಿದ್ದಳು. ತಪ್ಪು ನಿಂದಲ್ಲ, ನಂದು ಎನ್ನಬೇಕಿತ್ತು. ನಾನು ಬಸ್ಸು ಬರುವ ದಾರಿ ನೋಡಿದೆ. ಅಷ್ಟರಲ್ಲಿ ರಾಯಚೂರು ಬಸ್ಸು ಬಂತು. ಆಕೆ ರಾಯಚೂರಿನಲ್ಲಿ ಬಸ್ಸು ಬದಲಿಸಿ ಊರಿಗೆ ಹೋಗಬೇಕಿತ್ತು, ಇಬ್ಬರೂ ಹತ್ತಬೇಕಾದದ್ದು ಅದನ್ನೇ. ಆಕೆ ನೂಕುನುಗ್ಗಲಲ್ಲಿ ಹತ್ತಿ ಕಿಟಕಿಯಿಂದ ಕೂಗಿದಳು, “ಬರ್ರಿ ಸರ್, ನಿಮಗೂ ಸೀಟು ಹಿಡದೀನಿ!”

“ನನಗಿಲ್ಲಿ ಸ್ವಲ್ಪ ಕೆಲಸ ಅದ, ನೀ ಹೋಗವಾ,” ಎಂದು ಕೈ ಬೀಸಿದೆ. ಯಾವ ಕೆಲಸವೂ ಇರಲಿಲ್ಲ. ಬಿಸಿಲಲ್ಲಿ ಮುಂದಿನ ಬಸ್ಸಿಗೆ ಕಾದೆ.

ಆಮೇಲೆ ಇಂಥ ಸಂದರ್ಶನಕ್ಕೆ ಕರೆದರೆ ಹೋಗಿಲ್ಲ. ಅದರಿಂದ ಹುಲಿಗೆಮ್ಮನಿಗೆ ಆದದ್ದೇನೂ ಇಲ್ಲ, ಗೊತ್ತು. ಆಕೆ ಈಗ ಶಾಲೆಯಲ್ಲಿದ್ದಾಳೋ ಹೊಲದಲ್ಲಿದ್ದಾಳೋ ತಿಳಿಯದು, ವಿಚಾರಿಸಲು ಮುಖವೂ ಇಲ್ಲ. ಮಗಳು ಅದೇ ಶಾಲೆಯಲ್ಲಿ ಮುಂದುವರಿದಿದ್ದಾಳೆ, ಅಪ್ಪ ಬಹಳ ಶಿಸ್ತಿನ ಮೇಷ್ಟ್ರು ಎಂದು ಸಹೋದ್ಯೋಗಿಗಳಿಗೆ ಹೇಳಿಕೊಳ್ಳುತ್ತಾಳೆ. ಆ ದಿನ ಏನು ಮಾಡಿ ಬಂದೆ ಎಂದು ಅವಳ ಎದುರು ಕೂತು ಹೇಳುವ ಧೈರ್ಯ ಬರಲಿಲ್ಲ. ಇಲ್ಲಿ ಬರೆದಿದ್ದೇನೆ, ಓದಿಕೊಳ್ಳಲಿ.