ಕೊಳದ ಸಾಹೇಬರು

ಮಹಾರಾಷ್ಟ್ರದ ಸಂಭಾಜಿನಗರದಲ್ಲಿ ಹಳೆಯ ಎಂಜಿನ್ ಆಯಿಲನ್ನು ಶುದ್ಧಿ ಮಾಡಿ ಮತ್ತೆ ಮಾರುವ ಕಾರ್ಖಾನೆಯೊಂದರಲ್ಲಿ ನಾನು ಕೆಲಸಕ್ಕಿದ್ದೆ. ಅಲ್ಲಿ ಪರಿಸರದ ಉಸ್ತುವಾರಿ ನಮ್ಮ ವಿಜಯಪುರ ಕಡೆಯ ಸಾಹೇಬರೊಬ್ಬರದು. ಹಸಿರು ಟೈ ಕಟ್ಟದೆ ಅವರು ಗೇಟು ದಾಟಿದವರಲ್ಲ. ಪರಿಸರಕ್ಕಾಗಿ ಅವರು ಮಾಡಿದ್ದೂ ಅಷ್ಟೇ. ಹಿಂದಿನ ಗೋಡೆಯಾಚೆ ಹಳ್ಳಕ್ಕೆ ಕರಿ ನೀರು ಹೋಗುತ್ತಿದೆ, ಊರಿನ ಎಮ್ಮೆಗಳು ಅದನ್ನೇ ಕುಡಿಯುತ್ತವೆ ಎಂದು ನಾನು ಹೇಳಿದಾಗಲೆಲ್ಲ ಟೈ ಸವರಿಕೊಂಡು, “ನಿಸರ್ಗಾನೇ ಸಾಕ್ಷಿ ಹೇಳ್ತದ, ನೀವು ಸುಮ್ನಿರ್ರಿ,” ಎನ್ನುತ್ತಿದ್ದರು.

ತಪಾಸಣೆಯ ದಿನ ಆ ಸಾಕ್ಷಿಯನ್ನು ಪೈಠಣದಿಂದ ಟೆಂಪೋದಲ್ಲಿ ತರಿಸಿದರು: ಬಿಳಿ ಬಾತುಕೋಳಿಗಳು. ಶುದ್ಧಿಯಾದ ನೀರು ನಿಲ್ಲಬೇಕಾದ ಕೊಳವನ್ನು ಬೆಳಿಗ್ಗೆಯೇ ಟ್ಯಾಂಕರ್ ನೀರಿನಿಂದ ತುಂಬಿಸಿದ್ದರು. ಬಾತುಗಳು ಈಜಿದವು. ತಪಾಸಣೆಗೆ ಬಂದ ಅಧಿಕಾರಿ ಫೋಟೊ ತೆಗೆದುಕೊಂಡರು. ಎಲ್ಲರೂ ಶಾಮಿಯಾನದಡಿ ಊಟಕ್ಕೆ ಕೂತೆವು.

ಕೊಳ ಬಿಟ್ಟು ಆಚೆ ಹೋಗಬಾರದೆಂದು ಬಾತುಗಳಿಗೆ ಯಾರೂ ಹೇಳಿರಲಿಲ್ಲ. ಗೋಡೆಯ ಕಿಂಡಿಯಿಂದ ಹಳ್ಳಕ್ಕಿಳಿದು, ಸಾಲಾಗಿ ಮರಳಿ ಬಂದು ನಮ್ಮೆದುರೇ ನಿಂತವು. ಕೊಕ್ಕಿನಿಂದ ಬಾಲದವರೆಗೆ ಕರಿ ಎಣ್ಣೆ ತೊಟ್ಟಿಕ್ಕುತ್ತಿತ್ತು. ಒಂದು ಬಾತು ರೆಕ್ಕೆ ಬಿಚ್ಚಲಾಗದೆ ಮಗ್ಗುಲಾಗಿ ಬಿತ್ತು.

“ಯೇ ಕ್ಯಾ ಹೈ?” ಎಂದರು ಅಧಿಕಾರಿ.

ನಮ್ಮ ಸಾಹೇಬರು ಟೈ ಸವರಿಕೊಂಡರು. ಇವು ಬೇರೆ ಸರ್, ಕರಿ ತಳಿಯವು ಎಂದು ಹಿಂದಿಯಲ್ಲಿ ಹೇಳಿ, ಅವರ ತಟ್ಟೆಗೆ ಇನ್ನೊಂದು ಪೂರಣಪೋಳಿ ಹಾಕಿದರು. ಅಧಿಕಾರಿ ತಿಂದರು.

ಮರುವರ್ಷದ ತಪಾಸಣೆಗೂ ಹಳ್ಳ ಹಾಗೆಯೇ ಇತ್ತು. ಸಾಹೇಬರು ಮಾತ್ರ ಆ ಸಲ ಕರಿ ಬಾತುಕೋಳಿಗಳನ್ನೇ ತರಿಸಿದ್ದರು.